ಎಳೆ ಎಳೆಯಾಗುತ್ತಿದ್ದ ಮೊಸರು ಗಟ್ಟಿಯಾದ ಬಗೆ

ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ನಮ್ಮ ಮನೆಯ ಮೊಸರು ಬೆಳಗಿನ ಹೊತ್ತಿಗೆ ಕೂತಂತೆ ಕಂಡರೂ, ಚಮಚ ಎತ್ತಿದಾಗ ಲೋಳೆಯಾಗಿ ಎಳೆ ಎಳೆ ಜೋಲುತ್ತಿತ್ತು. ಹೆಪ್ಪನ್ನು ಎರಡು ಚಮಚಕ್ಕೆ ಏರಿಸಿದಾಗ ಹುಳಿ ಹೆಚ್ಚಿತೇ ಹೊರತು ಲೋಳೆ ಹೋಗಲಿಲ್ಲ. ಹಸಿಮೆಣಸಿನಕಾಯಿಯ ತೊಟ್ಟು ಹಾಕಿದ್ದೂ ಹಾಲು ಬದಲಿಸಿದ್ದೂ ವ್ಯರ್ಥವಾಯಿತು. ಕಡಿಮೆ ಶಾಖದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಲೋಳೆಯನ್ನು ಹೆಚ್ಚು ಉತ್ಪಾದಿಸುತ್ತವೆ. ನಾನಾದರೋ ತಿಂಗಳುಗಟ್ಟಲೆ ಅದೇ ಹೆಪ್ಪನ್ನು ಮುಂದುವರಿಸಿದ್ದೆ.

ಕೊನೆಗೆ ಹಳೆಯ ಹೆಪ್ಪನ್ನು ಚೆಲ್ಲಿ, ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದು, ಅರ್ಧ ಲೀಟರ್ ಹಾಲನ್ನು ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ 10 ನಿಮಿಷ ಕಾಯಿಸಿ, 43 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ (ಥರ್ಮಾಮೀಟರ್ ಇಲ್ಲದಿದ್ದರೆ, ಕಿರುಬೆರಳನ್ನು ಹತ್ತು ಎಣಿಸುವವರೆಗೆ ಅದ್ದಿಡಬಹುದಾದಷ್ಟು), ಪಕ್ಕದ ಮನೆಯಿಂದ ತಂದ ತಾಜಾ ಮೊಸರನ್ನು ಒಂದೇ ಟೀ ಚಮಚ ಕಲಸಿದೆ. ಟವೆಲ್ ಸುತ್ತಿ ಹಾಟ್‌ಬಾಕ್ಸಿನಲ್ಲಿ 6 ಗಂಟೆ ಅಲುಗಾಡಿಸದೆ ಇಟ್ಟು, ಕೂತೊಡನೆ ಫ್ರಿಜ್‌ಗೆ ಸೇರಿಸಿದಾಗ, ಮರುದಿನ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಮೊಸರಿತ್ತು.