ಮಕ್ಕಳೊಂದಿಗೆ ಸತ್ಯವೇದ (ಬೈಬಲ್): ನಮ್ಮ ಮನೆಯ ಹನ್ನೊಂದು ವರ್ಷಗಳ ಕುಟುಂಬ ಪ್ರಾರ್ಥನೆ

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಕೆಲಸ ಮಾಡುತ್ತೇನೆ. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿಸುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು, ಇವಿಷ್ಟೇ ನನ್ನ ಕಸುಬು. ದೇವಶಾಸ್ತ್ರವನ್ನು ಓದಿದವನಲ್ಲ, ಸಭೆಯಲ್ಲಿ ಸಂಡೇ ಸ್ಕೂಲಿನ ಪಾಠ ಮಾಡಿದವನೂ ಅಲ್ಲ. ಆದರೂ ಹನ್ನೊಂದು ವರ್ಷಗಳಿಂದ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಹೆಚ್ಚುಕಡಿಮೆ ತಪ್ಪದೆ ನಡೆದು ಬಂದಿದೆ. ಆರಂಭಿಸಿದಾಗ ದೊಡ್ಡ ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು; ಚಿಕ್ಕವಳು ಇನ್ನೂ ಹುಟ್ಟಿರಲಿಲ್ಲ. ಈಚೆಗೆ ನಮ್ಮ ಸಭೆಯ ಕೆಲವು ಯುವ ದಂಪತಿಗಳು, ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡುವುದು ಹೇಗೆಂದು ಕೇಳಿದ್ದರಿಂದ, ನಾವು ಮಾಡಿದ್ದನ್ನೂ ಅದರಲ್ಲಿ ತಪ್ಪಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ವರ್ಷ ನಾನು ಮಾಡಿದ್ದು ಪ್ರಸಂಗ. ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಮಾಡುವುದನ್ನೇ ಮನೆಯಲ್ಲಿ ಮಾಡಬೇಕೆಂದು ತಿಳಿದಿದ್ದೆ. ನಾಲ್ಕು ವಚನ ಓದಿ ಇಪ್ಪತ್ತು ನಿಮಿಷ ವಿವರಿಸಿ, ಕೊನೆಯಲ್ಲಿ ಇದರಿಂದ ನಾವು ಕಲಿಯುವುದೇನು ಎಂದು ಕೇಳುತ್ತಿದ್ದೆ. ಮಕ್ಕಳು ಬಹಳ ಬೇಗ ಮೂರು ಉತ್ತರಗಳನ್ನು ಸಿದ್ಧ ಮಾಡಿಕೊಂಡರು: ಪ್ರಾರ್ಥನೆ ಮಾಡಬೇಕು, ಸುಳ್ಳು ಹೇಳಬಾರದು, ಅಪ್ಪ ಅಮ್ಮನ ಮಾತು ಕೇಳಬೇಕು. ನೋಹನ ನಾವೆಯನ್ನು ಓದಿದರೂ, ದಾನಿಯೇಲನನ್ನು ಓದಿದರೂ, ಯೇಸು ಐದು ರೊಟ್ಟಿಯಿಂದ ಐದು ಸಾವಿರ ಜನರಿಗೆ ಉಣಬಡಿಸಿದ್ದನ್ನು ಓದಿದರೂ ಈ ಮೂರರಲ್ಲಿ ಒಂದು ಬರುತ್ತಿತ್ತು, ಮತ್ತು ನಾನು ಅದನ್ನು ಒಪ್ಪಿಕೊಂಡು ಪ್ರಾರ್ಥನೆ ಮುಗಿಸುತ್ತಿದ್ದೆ. ಅವರು ಓದಿದ್ದನ್ನು ಕೇಳಿಸಿಕೊಂಡೇ ಇಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮುಂದಿನ ವರ್ಷ ಆಯಿತು. ಮಗ ಶಾಲೆಯ ಅಂಕಪಟ್ಟಿಯನ್ನು ಬಚ್ಚಿಟ್ಟು, ಇನ್ನೂ ಕೊಟ್ಟಿಲ್ಲವೆಂದು ಸುಳ್ಳು ಹೇಳಿದ್ದ. ವಿಷಯ ತಿಳಿದ ದಿನ ಸಂಜೆ ನಾನು ಬೇಕೆಂದೇ ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ತೆರೆದು, ಮಕ್ಕಳು ತಂದೆತಾಯಿಗಳಿಗೆ ವಿಧೇಯರಾಗಿರಬೇಕು ಎಂಬ ಮೊದಲ ಮೂರು ವಚನಗಳನ್ನು ಅವನ ಮುಖ ನೋಡುತ್ತಾ ಗಟ್ಟಿಯಾಗಿ ಓದಿದೆ. ಅವನು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ನಾನು ಪುಸ್ತಕ ತೆರೆದ ಕೂಡಲೇ, ಇವತ್ತು ಯಾರ ತಪ್ಪು ಹೊರಗೆ ಬರುತ್ತದೆಯೋ ಎಂಬಂತೆ ಅವನ ಕಣ್ಣು ನನ್ನ ಮುಖಕ್ಕೆ ಬರುತ್ತಿತ್ತು. ಇದನ್ನು ಗಮನಿಸಿದವಳು ನನ್ನ ಹೆಂಡತಿ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳು, "ನೀವು ಓದೋದು ಅವನಿಗೆ ನಿಮ್ಮ ಸಿಟ್ಟಾಗಿ ಕೇಳ್ತಾ ಇದೆ ಕಣ್ರೀ. ಹೀಗೇ ಆದ್ರೆ ಆ ಪುಸ್ತಕ ಕಂಡ್ರೇ ಹೆದರ್ತಾನೆ," ಎಂದಳು. ನಾನು ಎದ್ದು ಹೋಗಿ ಅದೇ ಅಧ್ಯಾಯವನ್ನು ಮತ್ತೆ ತೆರೆದೆ. ನಾನು ಮೂರನೆಯ ವಚನಕ್ಕೆ ನಿಲ್ಲಿಸಿದ್ದೆ. ನಾಲ್ಕನೆಯದು, ಮಕ್ಕಳಿಗೆ ಕೋಪವನ್ನೆಬ್ಬಿಸಬೇಡಿರೆಂದು ತಂದೆಗಳಿಗೆ ಹೇಳಿದ ಮಾತು. ಮರುದಿನ ಸಂಜೆ ಆ ನಾಲ್ಕನೆಯ ವಚನವನ್ನು ನಾನೇ ಓದಿ, ಮಗನ ಹತ್ತಿರ ಕ್ಷಮೆ ಕೇಳಿದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಇವತ್ತು ಏನು ಓದಬೇಕೆಂದು ಮನೆಯಲ್ಲಿ ಯಾರೂ ಆರಿಸುವ ಹಾಗಿಲ್ಲ. ನಿನ್ನೆ ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ಹತ್ತು, ಹನ್ನೆರಡು ವಚನ. ಮನೆಯ ಜಗಳ, ಶಾಲೆಯ ದೂರು ಏನಿದ್ದರೂ ಅದನ್ನು ಅಡುಗೆಮನೆಯಲ್ಲಿ ಮೊದಲೇ ಮಾತಾಡಿ ಮುಗಿಸಬೇಕು. ಮಕ್ಕಳ ಜೊತೆ ಸತ್ಯವೇದ ಓದುವ ವಿಷಯದಲ್ಲಿ ನಾನು ಕಲಿತದ್ದನ್ನೆಲ್ಲ ಒಟ್ಟುಮಾಡಿದರೂ ಈ ಒಂದು ನಿಯಮದಷ್ಟು ತೂಗುವುದಿಲ್ಲ. ಓದುವವನೇ ಆರಿಸುವಾಗ ವಾಕ್ಯ ಅವನ ಕೈಯ ಬೆತ್ತವಾಗುತ್ತದೆ. ಕ್ರಮವಾಗಿ ಓದುವಾಗ ಅದು ಅಪ್ಪನಿಗೂ ಅಷ್ಟೇ ತಾಗುತ್ತದೆ, ಇದು ಮಕ್ಕಳಿಗೆ ಕಾಣುತ್ತದೆ.

ಮೊದಲು ಕ್ರಮವಾಗಿ ಓದಿದ್ದು ಮಾರ್ಕನ ಸುವಾರ್ತೆಯನ್ನು. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯ. ಉಪದೇಶಕ್ಕಿಂತ ಘಟನೆಗಳು ಹೆಚ್ಚು, ಒಂದರ ಹಿಂದೆ ಒಂದು ಓಡುತ್ತವೆ. ನಮಗೆ ಎರಡೂವರೆ ತಿಂಗಳು ಹಿಡಿಯಿತು. ನಾನು ವಿವರಿಸುವುದನ್ನು ಪೂರ್ತಿ ಬಿಟ್ಟು, ಓದಿದ ಮೇಲೆ ಒಂದೇ ಪ್ರಶ್ನೆ ಕೇಳತೊಡಗಿದೆ: ಇದರಲ್ಲಿ ನಿಮಗೆ ಆಶ್ಚರ್ಯವಾದದ್ದು ಯಾವುದು? ಐದನೆಯ ಅಧ್ಯಾಯದಲ್ಲಿ ಯಾಯೀರನ ಸತ್ತ ಮಗಳನ್ನು ಯೇಸು ಎಬ್ಬಿಸುವ ಭಾಗ ಬಂದಾಗ, ಸತ್ತವಳು ಎದ್ದದ್ದೇ ಆಶ್ಚರ್ಯ ಎಂದು ಹೇಳುತ್ತಾಳೆಂದು ನಾನು ಕಾದಿದ್ದರೆ, ಮಗಳು, "ಎದ್ದ ತಕ್ಷಣ ಅವಳಿಗೆ ಊಟ ಕೊಡಿ ಅಂತ ಹೇಳಿದ್ನಲ್ಲ, ಅದು," ಎಂದಳು. ಎಷ್ಟೋ ಸಲ ಓದಿದ್ದ ನಾನು ಆ ಕೊನೆಯ ಮಾತನ್ನು ನಿಂತು ನೋಡಿರಲಿಲ್ಲ. ಆ ಹುಡುಗಿಗೆ ಹನ್ನೆರಡು ವರ್ಷ ಎಂದು ಮಾರ್ಕನು ಹೇಳುವುದನ್ನೂ ಅವಳೇ ತೋರಿಸಿದಳು.

ಮಾರ್ಕನ ನಂತರ ಆದಿಕಾಂಡ, ಯೋನ, ಲೂಕ, ಸಮುವೇಲನ ಎರಡು ಪುಸ್ತಕಗಳು, ಅಪೊಸ್ತಲರ ಕೃತ್ಯಗಳು ಹೀಗೆ ಸಾಗಿತು. ಯೋನನ ಪುಸ್ತಕ ನಾಲ್ಕೇ ಅಧ್ಯಾಯವಾದ್ದರಿಂದ ನಾಲ್ಕು ಸಂಜೆಯಲ್ಲಿ ಮುಗಿಯುತ್ತದೆ. ಅಭ್ಯಾಸವಿಲ್ಲದ ಮನೆಯವರು ಅಲ್ಲಿಂದ ಆರಂಭಿಸುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ವಂಶಾವಳಿಗಳನ್ನು ದಾಟಿಸಿದೆವು. ಆದಿಕಾಂಡದ 34 ಮತ್ತು 38ನೆಯ ಅಧ್ಯಾಯಗಳನ್ನು ಮಕ್ಕಳು ದೊಡ್ಡವರಾಗುವ ತನಕ ಬಿಟ್ಟಿದ್ದೆವು, ಬಿಟ್ಟಿದ್ದೇವೆಂದು ಅವರಿಗೆ ಹೇಳಿಯೂ ಇದ್ದೆವು. ಯಾಜಕಕಾಂಡವನ್ನು ಹಿಡಿದು ಒಂದೇ ವಾರದಲ್ಲಿ ಕೈಬಿಟ್ಟೆವು.

ಭಾಷೆಯ ತೊಡಕು ನಮ್ಮಲ್ಲಿ ಸಣ್ಣದಲ್ಲ. ಮಕ್ಕಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಸಭೆಯಲ್ಲಿ ಓದುವ ಸತ್ಯವೇದದ ಕನ್ನಡ ನಮ್ಮ ಅಜ್ಜಿಯ ಕಾಲದ್ದು. ಸತ್ಯವೇದದ ಹಾಡುಗಳಾದ ಕೀರ್ತನೆಗಳಲ್ಲಿ ಇಪ್ಪತ್ತಮೂರನೆಯದರ ಮೊದಲ ಸಾಲು, "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬುದನ್ನು ಮಗ ಒಂದು ತಿಂಗಳು ಬಾಯಿಪಾಠ ಹೇಳಿದ ಮೇಲೆ, "ದೇವರು ಕುರುಬ ಆಗಿದ್ರೂ ಇವನಿಗೆ ಯಾಕೆ ಕೊರತೆ ಬರುತ್ತೆ?" ಎಂದು ಕೇಳಿದ. "ಪಡೆನು" ಎಂದರೆ "ಪಡೆಯುವೆನು" ಎಂದು ಅವನು ತಿಳಿದಿದ್ದ. "ಬಾರೆನು", "ಕೊಡೆನು", "ಹೇಳೆನು" ಎಂದು ಹಲವು ಮಾತುಗಳನ್ನು ಹೇಳಿಸಿ, "ಇಲ್ಲ" ಎಂಬುದು ಆ ಮಾತಿನ ಒಳಗೇ ಇದೆ ಎಂದು ತಿಳಿಸುವುದಕ್ಕೆ ಒಂದು ಇಡೀ ಸಂಜೆ ಬೇಕಾಯಿತು. ಹೊತ್ತು ಹಾಳಾಯಿತೆಂದು ನನಗೆ ಅನಿಸಲಿಲ್ಲ. ಅದರ ಮರುದಿನ ಅವನು ಆ ಸಾಲನ್ನು ಹೇಳಿದ ದನಿಯೇ ಬೇರೆಯಾಗಿತ್ತು. ಆಮೇಲೆ ಈಗಿನ ಕನ್ನಡದ ಒಂದು ಅನುವಾದವನ್ನೂ ತಂದಿಟ್ಟುಕೊಂಡೆವು. ದಿನದ ಓದಿಗೆ ಹೊಸದು, ಬಾಯಿಪಾಠಕ್ಕೆ ಹಳೆಯದು. ಹಳೆಯದನ್ನು ಬಿಡದಿರುವುದಕ್ಕೆ ಕಾರಣವಿದೆ: ನನ್ನ ತಾಯಿ ಕೀರ್ತನೆಗಳನ್ನು ಹೇಳುವುದು ಆ ಮಾತುಗಳಲ್ಲಿಯೇ, ಮೊಮ್ಮಕ್ಕಳು ಅವರ ಜೊತೆ ದನಿಗೂಡಿಸಬೇಕಾದರೆ ಅದೇ ಮಾತು ಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿಗುವಂತಾದ ಕಥೆಯನ್ನು ಒಂದು ರಜಾದಿನ ಹೇಳಿದಾಗ, ಮಗಳು ಬೆರಳು ಮಡಿಸಿ ಲೆಕ್ಕ ಹಾಕಿ, "ಇಪ್ಪತ್ತೊಂದು ವರ್ಷ!" ಎಂದು ಪುಸ್ತಕವನ್ನು ತಿರುಗಿಸಿ ನೋಡಿದ್ದಳು.

ಬಾಯಿಪಾಠಕ್ಕೆ ನಾವು ಮೊದಲು ಚಾಕಲೇಟು ಕೊಡುತ್ತಿದ್ದೆವು. ಮಕ್ಕಳು ಚಾಕಲೇಟಿಗಾಗಿ ಚಿಕ್ಕ ವಚನಗಳನ್ನೇ ಹುಡುಕತೊಡಗಿದಾಗ ಅದನ್ನು ನಿಲ್ಲಿಸಿದೆವು. ಈಗ ಬಿಡಿ ವಚನಗಳನ್ನು ಬಿಟ್ಟು ಇಡೀ ಕೀರ್ತನೆಯನ್ನೇ ಕಲಿಯುತ್ತೇವೆ. ದಿನಕ್ಕೆ ಅರ್ಧ ವಚನದಂತೆ ಹಿಂದಿನದಕ್ಕೆ ಸೇರಿಸುತ್ತಾ ಹೋದರೆ ಆರು ವಚನದ ಮೊದಲನೆಯ ಕೀರ್ತನೆಗೆ ಎರಡು ವಾರ ಸಾಕು, ಎಂಟು ವಚನದ 121ಕ್ಕೆ ಮೂರು ವಾರ. ಇದರ ಉಪಯೋಗ ತಿಳಿದದ್ದು ಮಳೆಗಾಲದಲ್ಲಿ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ಲೈನು ಹೋದರೆ ಮೂರು ನಾಲ್ಕು ದಿನ ಕರೆಂಟು ಬರುವುದಿಲ್ಲ. ಹಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ, ಮೇಣದಬತ್ತಿಯನ್ನೂ ಆರಿಸಿ, ಐದು ಜನರೂ ಕತ್ತಲಲ್ಲಿ ಕುಳಿತು ಒಬ್ಬರಾದ ಮೇಲೆ ಒಬ್ಬರು ಒಂದೊಂದು ವಚನ ಹೇಳುತ್ತೇವೆ. ಮಕ್ಕಳಿಗೆ ವರ್ಷದಲ್ಲಿ ಅತಿ ಇಷ್ಟವಾದ ಪ್ರಾರ್ಥನೆ ಅದೇ.

ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿರುವುದು ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಓದಿದ ಸಂಜೆ. ದ್ರಾಕ್ಷಿತೋಟದ ಯಜಮಾನನು ಬೆಳಗ್ಗೆ ಆಳುಗಳನ್ನು ಕರೆಯುತ್ತಾನೆ, ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕರೆಯುತ್ತಾನೆ, ಎಲ್ಲರಿಗೂ ಒಂದೇ ದಿನಗೂಲಿ ಕೊಡುತ್ತಾನೆ. ಆಗ ಮಗನಿಗೆ ಹನ್ನೆರಡು, ಮಗಳಿಗೆ ಒಂಬತ್ತು. ನನ್ನ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಪಕ್ಕದ ಮೇಜಿನ ಮೇಲೆಯೇ ಇತ್ತು. ಮಗ ಅದನ್ನು ತೋರಿಸಿ ಕೇಳಿದ: "ಅಪ್ಪ, ಐದು ಗಂಟೆಗೆ ಬಂದೋರಿಗೆ ನೀನು ಏನಂತ ಬರೀತೀಯ? ಅರ್ಧ ಆಳಾ?"

"ಅರ್ಧವೂ ಇಲ್ಲ, ಹಾಜರಿಯೇ ಹಾಕಲ್ಲ," ಎಂದೆ. ಅದು ನಿಜವೇ ಆಗಿತ್ತು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವತ್ತು ಅವರ ಮನೇಲಿ ರಾತ್ರಿ ಅಡುಗೆ?" ಎಂದಳು. ಬೆಳಗ್ಗೆ ಶಾಲೆಗೆ ಹೋಗುವಾಗ ಪೇಟೆಯಲ್ಲಿ ಕೆಲಸಕ್ಕೆ ಕಾದು ನಿಂತವರನ್ನೂ, ಎಲ್ಲರನ್ನೂ ಜೀಪಿನವರು ಕರೆದುಕೊಂಡು ಹೋದ ಮೇಲೆ ಉಳಿದುಬಿಡುವ ವಯಸ್ಸಾದವರನ್ನೂ ಅವಳು ನೋಡಿದ್ದಳು. ನಾವು ಮತ್ತೆ ಓದಿದೆವು. ಇಡೀ ದಿನ ಇಲ್ಲಿ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಅವರು ಕೊಡುವ ಉತ್ತರ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದು. ಮಗ ಒಪ್ಪಲಿಲ್ಲ. ಹೀಗೆ ಮಾಡಿದರೆ ಮಾರನೆಯ ದಿನ ಬೆಳಗ್ಗೆ ಯಾರೂ ಬರುವುದಿಲ್ಲ, ಎಲ್ಲರೂ ಐದು ಗಂಟೆಗೇ ಬರುತ್ತಾರೆ ಎಂದು ವಾದಿಸಿದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಹುಡುಕಲೂ ಹೋಗಲಿಲ್ಲ. ಬೆಳಗ್ಗೆ ಬಂದವರಿಗೆ ಮಾತಾಡಿದ ಕೂಲಿಯಲ್ಲಿ ಏನೂ ಕಡಿಮೆಯಾಗಿಲ್ಲವಲ್ಲ ಎಂದು ಹೆಂಡತಿ ಹೇಳಿದಳು. ಊಟ ತಣ್ಣಗಾಗುವ ತನಕ ಮಾತು ನಡೆಯಿತು. ಆ ವಾರ ಬಟವಾಡೆಗೆ ಕುಳಿತಾಗ, ಜ್ವರವೆಂದು ಮಧ್ಯಾಹ್ನ ಹೊರಟುಹೋಗಿದ್ದ ಒಬ್ಬ ಹೆಂಗಸಿನ ಹೆಸರಿನ ಮುಂದೆ ನನ್ನ ಪೆನ್ನು ನಿಂತಿತು. ಪೂರ್ತಿ ಆಳು ಬರೆಯುವ ಅಧಿಕಾರ ನನಗಿಲ್ಲ, ಆದ್ದರಿಂದ ಮೊದಲ ಬಾರಿಗೆ ದಣಿಗಳ ಹತ್ತಿರ ಹೋಗಿ ಕೇಳಿದೆ.

ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳೂವರೆಗೆ, ಊಟಕ್ಕೆ ಮುಂಚೆ, ಹದಿನೈದು ನಿಮಿಷ. ಒಂದು ಹಾಡು, ಓದು, ಮಾತು, ಪ್ರಾರ್ಥನೆ, ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಡಿಸೆಂಬರಿನಿಂದ ಫೆಬ್ರವರಿಯ ತನಕ ಕೊಯ್ಲಿನ ಕೆಲಸದಲ್ಲಿ ನಾನು ಮನೆಗೆ ಬರುವುದೇ ತಡವಾಗುವುದರಿಂದ, ಒಂದು ವರ್ಷ ಬೆಳಗಿನ ಜಾವ ಮಾಡಿ ನೋಡಿದೆವು, ಮಕ್ಕಳು ಕುಳಿತಲ್ಲೇ ತೂಕಡಿಸಿದರು. ಈಗ ಆ ಮೂರು ತಿಂಗಳು ಹೆಂಡತಿಯೇ ನಡೆಸುತ್ತಾಳೆ. ಅವಳು ನನಗಿಂತ ಚೆನ್ನಾಗಿ ನಡೆಸುತ್ತಾಳೆಂದು ಮಕ್ಕಳೇ ಹೇಳುತ್ತಾರೆ: ಓದಿ, ಪುಸ್ತಕ ಮುಚ್ಚದೆ, ಯಾರಾದರೂ ಮಾತಾಡುವ ತನಕ ಕಾಯುತ್ತಾಳೆ.

ಮಕ್ಕಳ ಪ್ರಾರ್ಥನೆಯನ್ನು ನಾವು ತಿದ್ದುವುದಿಲ್ಲ. ಮಗಳು ಆರನೆಯ ತರಗತಿಯಲ್ಲಿದ್ದಾಗ ಹಟ್ಟಿಯ ಕರುವಿಗಾಗಿ ಹತ್ತು ದಿನ ಪ್ರಾರ್ಥಿಸಿದಳು, ಕರು ಸತ್ತಿತು. ಅಂದು ನಾನು ಸಮಾಧಾನದ ಮಾತು ಯಾವುದನ್ನೂ ಹೇಳಲಿಲ್ಲ. ಅಂದು ಒಂದು ದಿನ ಮಾತ್ರ ನಮ್ಮ ನಿಯಮವನ್ನು ಮುರಿದು, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುವ ಹದಿಮೂರನೆಯ ಕೀರ್ತನೆಯನ್ನು ಓದಿದೆ. ಹೀಗೂ ದೇವರ ಹತ್ತಿರ ಕೇಳಬಹುದಾ ಎಂದಳು. ಸತ್ಯವೇದದಲ್ಲೇ ಇದೆಯಲ್ಲ ಎಂದೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಆರಂಭದಲ್ಲಿ ನನಗೆ ಕಷ್ಟವಾಗುತ್ತಿತ್ತು. ಅಪ್ಪನಿಗೇ ತಿಳಿಯದಿದ್ದರೆ ಮಕ್ಕಳ ನಂಬಿಕೆ ಅಲುಗಾಡುತ್ತದೆಂಬ ಭಯವಿತ್ತು. ಆದರೆ ಅರ್ಧಂಬರ್ಧ ಉತ್ತರ ಕೊಟ್ಟಾಗಲೇ ಅವರು ಆಸಕ್ತಿ ಕಳೆದುಕೊಂಡದ್ದನ್ನು ನೋಡಿದ್ದೇನೆ. ಅಬ್ರಹಾಮನು ಮಗ ಇಸಾಕನನ್ನು ಬಲಿ ಕೊಡಲೆಂದು ಬೆಟ್ಟಕ್ಕೆ ಕರೆದುಕೊಂಡು ಹೋಗುವಾಗ ಹುಡುಗನ ತಾಯಿ ಸಾರಳಿಗೆ ಹೇಳಿದ್ದನೇ ಎಂಬ ಮಗಳ ಪ್ರಶ್ನೆ ಅದರಲ್ಲಿದೆ. ನ್ಯಾಯಸ್ಥಾಪಕರು ಪುಸ್ತಕದಲ್ಲಿ ತಂದೆಯ ಹರಕೆಗೆ ಬಲಿಯಾದ ಯೆಫ್ತಾಹನ ಮಗಳ ಬಗ್ಗೆ ಮಗ ಹದಿನಾಲ್ಕನೆಯ ವಯಸ್ಸಿನಲ್ಲಿ ಬರೆದ ಪ್ರಶ್ನೆ ಒಂದು ಪುಟ ತುಂಬಿದೆ. ಅವನು ಈಗ ಹಾಸನದಲ್ಲಿ ಕಾಲೇಜು ಓದುತ್ತಿದ್ದಾನೆ. ರಜೆಗೆ ಬಂದಾಗ ಆ ಪುಟವನ್ನು ತೆರೆದು ಮತ್ತೆರಡು ಸಾಲು ಸೇರಿಸಿ ಹೋಗುತ್ತಾನೆ.

ಎಂಟು ವರ್ಷದ ಚಿಕ್ಕವಳಿಗಾಗಿ ಈಗ ಸಮುವೇಲನ ಮೊದಲನೆಯ ಪುಸ್ತಕವನ್ನು ಮತ್ತೆ ಆರಂಭಿಸಿದ್ದೇವೆ. ಹೋದ ವಾರ ಮೂರನೆಯ ಅಧ್ಯಾಯ ಓದಿದೆವು: ಮುದಿ ಯಾಜಕ ಏಲಿಯ ಕಣ್ಣು ಮಂದವಾಗಿ ಅವನಿಗೆ ಕಾಣದಂತಾಗಿತ್ತು, ದೇವರ ದೀಪ ಇನ್ನೂ ಆರಿರಲಿಲ್ಲ, ಬಾಲಕ ಸಮುವೇಲ ಮಲಗಿದ್ದ. ಯೆಹೋವನು ಹುಡುಗನ ಹೆಸರು ಹಿಡಿದು ಕರೆಯುವುದಕ್ಕೆ ಮುಂಚೆಯೇ ಅವಳು ನನ್ನ ತೋಳು ಹಿಡಿದು ನಿಲ್ಲಿಸಿ, ನೋಟ್‌ಬುಕ್ ತಂದು, ತಾನೇ ಬರೆಯುತ್ತೇನೆಂದು ಕುಳಿತಳು. ದೊಡ್ಡ ಅಕ್ಷರಗಳಲ್ಲಿ ಅವಳು ಬರೆದದ್ದು: "ತಾತನಿಗೆ ಕಣ್ಣು ಕಾಣಲ್ಲ, ಸಮುವೇಲ ಮಲಗಿದಾನೆ, ಮತ್ತೆ ದೀಪ ಯಾರಿಗೆ?" ಮುಂದಿನ ಬುಧವಾರ ಅಯ್ಯನವರು ಮನೆ ಪ್ರಾರ್ಥನೆಗೆ ಬರುತ್ತಾರೆ. ಅವರು ಕಾಫಿ ಕುಡಿದು ಮುಗಿಸುವ ತನಕ ಕಾಯಬೇಕೆಂದು ಅವಳಿಗೆ ಹೇಳಿಟ್ಟಿದ್ದೇನೆ.