ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದನ್ನು ಮತ್ತೆ ಕಲಿತೆ

5ನೇ ತಿಂಗಳು ಮುಗಿಯುವ ಹೊತ್ತಿಗೆ ನನಗೆ ರಾತ್ರಿ ಅಂದರೆ ಭಯ. ಎಡಕ್ಕೆ ಮಲಗಿದ್ದವಳು ಬಲಕ್ಕೆ ಹೊರಳಬೇಕಾದರೆ ಮೊದಲು ಹಲ್ಲು ಕಚ್ಚಿ ಸಿದ್ಧಳಾಗುತ್ತಿದ್ದೆ. ಹೊರಳಿದ ಕೂಡಲೇ ಸೊಂಟದ ಕೆಳಗೆ ಬಲಗಡೆ ಚಳಕ್ ಅಂತ ಹಿಡಿಯುತ್ತಿತ್ತು. "ಬಸುರಿ ಅಂದಮೇಲೆ ಬೆನ್ನು ನೋವು ಇದ್ದದ್ದೇ" ಅಂತ ಎಲ್ಲರೂ ಹೇಳಿದರು. ಸುಳ್ಳೇನಲ್ಲ, ಅರ್ಧದಷ್ಟು ಬಸುರಿಯರಿಗಾದರೂ ಇದು ಬರುತ್ತದೆ. ಆದರೆ ಇದ್ದದ್ದೇ ಅಂದುಕೊಂಡರೆ ನಿದ್ದೆ ಬರುತ್ತಾ?

ಮೊದಲು ನಾನು ಮಾಡಿದ್ದು ಒಂದು ವಾರ ಪೂರ್ತಿ ಮಲಗಿದ್ದು. ವಾರದ ಕೊನೆಗೆ ಮೈಯೆಲ್ಲ ಮರಗಟ್ಟಿದ ಹಾಗಾಯಿತು, ನೋವು ಇದ್ದಲ್ಲೇ ಇತ್ತು. ಸರಿ, ಅಲುಗಾಡಬೇಕು ಅಂತ ತೀರ್ಮಾನಿಸಿ ಉಲ್ಟಾ ಹೊಡೆದೆ. ದಿನಾ 45 ನಿಮಿಷ ಬಿರುಸಿನ ನಡಿಗೆ, ಜೊತೆಗೆ ವಿಡಿಯೋ ನೋಡಿಕೊಂಡು ಒಂಟಿ ಕಾಲಲ್ಲಿ ನಿಲ್ಲುವ ಆಸನ. ಸಂಜೆ ಹೊತ್ತಿಗೆ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಯಿತು.

ಕೊನೆಗೆ ಡಾಕ್ಟರು ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ಅವರು ಕೇಳಿದ ಮೊದಲ ಪ್ರಶ್ನೆಯೇ ನನ್ನ ಕಣ್ಣು ತೆರೆಸಿತು. "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ." ನನ್ನ ಬೆರಳು ನಡುಬೆನ್ನಿಗೆ ಹೋಗಲಿಲ್ಲ. ಸೊಂಟದ ಕೆಳಗೆ ಗುಳಿ ಬೀಳುತ್ತದಲ್ಲ, ಅಲ್ಲಿಗೆ ಹೋಯಿತು. "ಮೆಟ್ಟಿಲು ಹತ್ತುವಾಗ ಜಾಸ್ತಿಯಾ? ಪ್ಯಾಂಟ್ ಹಾಕಿಕೊಳ್ಳುವಾಗ ಒಂದು ಕಾಲು ಎತ್ತಿದರೆ?" ಎಲ್ಲಕ್ಕೂ ಹೌದು. ಇದು ಬೆನ್ನಿನ ನೋವಲ್ಲ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲಿನ ನೋವು ಅಂದರು. ಪೆಲ್ವಿಕ್ ಗರ್ಡಲ್ ಪೇನ್ ಅಂತ ಇದರ ಹೆಸರು. ಸಂಜೆಯ ಹೊತ್ತು ಸೊಂಟದ ಮೇಲ್ಭಾಗದಲ್ಲಿ ಬರುತ್ತಿದ್ದ ಮಂದ ನೋವು ಬೇರೆಯದು. ನಾನು ಎರಡನ್ನೂ ಒಂದೇ ಅಂದುಕೊಂಡು, ಒಂದಕ್ಕೆ ಆಗುವ ಮದ್ದನ್ನು ಇನ್ನೊಂದಕ್ಕೆ ಮಾಡುತ್ತಿದ್ದೆ.

ಬಸಿರಿನಲ್ಲಿ ರಿಲಾಕ್ಸಿನ್ ಥರದ ಹಾರ್ಮೋನುಗಳು ಕೀಲುಗಳ ಕಟ್ಟನ್ನು ಸಡಿಲ ಮಾಡುತ್ತವೆ. ಹೊಟ್ಟೆ ಮುಂದೆ ಬಂದಷ್ಟೂ ನಾವು ಗೊತ್ತಿಲ್ಲದೆ ಹಿಂದಕ್ಕೆ ವಾಲುತ್ತೇವೆ. ಬೆನ್ನಿಗೆ ಮುಂದಿನಿಂದ ಆಸರೆ ಕೊಡುವ ಹೊಟ್ಟೆಯ ಸ್ನಾಯುಗಳೂ ಎಳೆದುಕೊಂಡು ಸೋತಿರುತ್ತವೆ. ಹೀಗಿರುವಾಗ ಒಂದು ಕಾಲಿನ ಮೇಲೆ ಭಾರ ಬಿಟ್ಟರೆ ಸಡಿಲವಾದ ಕೀಲು ತಡೆಯುವುದು ಕಷ್ಟ.

ಆಮೇಲೆ ನಾನು ಕಲಿತದ್ದು ವ್ಯಾಯಾಮಕ್ಕಿಂತ ಹೆಚ್ಚಾಗಿ ಏಳುವುದು, ಕೂರುವುದು, ಹೊರಳುವುದು. "ಎರಡು ಮೊಣಕಾಲಿಗೂ ಹಗ್ಗ ಕಟ್ಟಿದೆ ಅಂದುಕೊಳ್ಳಿ" ಅಂತ ಅವರು ಹೇಳಿಕೊಟ್ಟರು. ಮಗ್ಗುಲು ಬದಲಿಸುವಾಗ ಮೊಣಕಾಲು ಮಡಚಿ, ನಡುವೆ ದಿಂಬು ಒತ್ತಿ ಹಿಡಿದು, ಉಸಿರು ಬಿಡುತ್ತಾ ಭುಜ, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ತಿರುಗಿಸುವುದು. ಮರದ ದಿಮ್ಮಿ ಉರುಳಿದ ಹಾಗೆ. ನಯವಾದ ಬಟ್ಟೆಯ ನೈಟಿ ಹಾಕಿಕೊಂಡರೆ ಇನ್ನೂ ಸಲೀಸು, ಇದು ನಾನೇ ಕಂಡುಕೊಂಡದ್ದು. ಏಳುವಾಗ ಪಕ್ಕಕ್ಕೆ ತಿರುಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಎದ್ದೆ. ಕಾರಿನಲ್ಲಿ ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಂದೆ. ಪ್ಯಾಂಟ್ ಹಾಕುವುದು ಕೂತುಕೊಂಡೇ. ಮೆಟ್ಟಿಲನ್ನು ಚಿಕ್ಕ ಮಕ್ಕಳ ಹಾಗೆ ಒಂದೊಂದಕ್ಕೂ ಎರಡು ಕಾಲಿಟ್ಟು ಹತ್ತಿದೆ. ನೋಡುವವರಿಗೆ ನಗು ಬರಬಹುದು, ಬರಲಿ. ಎರಡು ವಾರದಲ್ಲಿ ಆ ಚಳಕು ಅರ್ಧಕ್ಕೆ ಇಳಿಯಿತು.

ಮಲಗುವಾಗ ಒಂದು ದಿಂಬು ಮೊಣಕಾಲಿನಿಂದ ಪಾದದ ತನಕ, ಇನ್ನೊಂದು ತೆಳ್ಳಗಿನದು ಹೊಟ್ಟೆಯ ಕೆಳಗೆ. ಮಂಡಿ ಮಾತ್ರ ಎತ್ತರ ಇದ್ದು ಪಾದ ಕೆಳಗೆ ಬಿದ್ದರೆ ಸೊಂಟ ತಿರುಚಿದ ಹಾಗೇ ಇರುತ್ತದೆ. 28 ವಾರದ ನಂತರ ಮಗ್ಗುಲಾಗಿ ಮಲಗಿ ಅಂತ ಡಾಕ್ಟರು ಹೇಳಿದ್ದರು. ಎಡವೋ ಬಲವೋ, ಎರಡೂ ನಡೆಯುತ್ತದೆ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಸುಮ್ನೆ ಹೊರಳಿಕೊಂಡರಾಯಿತು.

ಸಂಜೆಯ ಸೊಂಟ ನೋವಿಗೆ ದಾರಿ ಬೇರೆ. ಕೈ, ಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಮೇಲಕ್ಕೆ ಗುಂಡಗೆ ಮಾಡುವುದು, ಮತ್ತೆ ನೇರಕ್ಕೆ ತರುವುದು. ಕೆಳಕ್ಕೆ ಜೋತು ಬೀಳಲು ಬಿಡಬಾರದು. ಬೆಳಗ್ಗೆ 8, ಸಂಜೆ 8 ಸಲ, ಅಷ್ಟೇ. ನಿಂತಾಗ ಗೋಡೆಗೆ ಬೆನ್ನು ಕೊಟ್ಟು, ಸೊಂಟದ ಹಿಂದಿನ ಸಂದು ಮುಚ್ಚುವಂತೆ ಒತ್ತಿ 5 ಎಣಿಸುವುದು. ನಡಿಗೆ ನಿಲ್ಲಿಸಲಿಲ್ಲ, ತುಂಡು ಮಾಡಿದೆ. 10 ನಿಮಿಷದಂತೆ ದಿನಕ್ಕೆ ಮೂರು ಸಲ, ಚಿಕ್ಕ ಹೆಜ್ಜೆ. ಸೊಂಟ ನೋವು ಬಾರದಿರಲು ಬಸಿರಿನ ಉದ್ದಕ್ಕೂ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರ ಸಲಹೆಯಲ್ಲೇ ಹೇಳಿದೆ. ನನ್ನ ಒಂದು ವಾರದ ಮಲಗಾಟ ನೆನೆದರೆ ಈಗ ನಗು ಬರುತ್ತದೆ.

ಎಲ್ಲಕ್ಕಿಂತ ಸುಖ ಕೊಟ್ಟದ್ದು ನೀರು. ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಹೆಚ್ಚಿನ ಪಾಲನ್ನು ನೀರೇ ಹೊರುತ್ತದೆ. ಇಳಿದ ಮೊದಲ ದಿನ, ತಿಂಗಳುಗಳಿಂದ ಹೊತ್ತ ಮೂಟೆ ಇಳಿಸಿದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಈಜಲೂ ಇಲ್ಲ, ಸುಮ್ನೆ ಆಚೆ ಈಚೆ ನಡೆದೆ. ಕಪ್ಪೆಯ ಹಾಗೆ ಕಾಲು ಅಗಲಿಸಿ ಒದೆಯುವ ಈಜು ನನ್ನಂಥ ಕೀಲು ನೋವಿನವರಿಗೆ ಆಗುವುದಿಲ್ಲ.

ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ 10-15 ನಿಮಿಷ ಸೊಂಟಕ್ಕೆ ಇಡುತ್ತಿದ್ದೆ. ಹೊಟ್ಟೆಯ ಮೇಲೆ ಇಡಲಿಲ್ಲ, ಸುಡುವಷ್ಟು ಬಿಸಿಯೂ ಬೇಡ. ಮೈಯ ಬಿಸಿ ಏರಿಸುವ ಹಬೆ ಸ್ನಾನ, ಬಿಸಿನೀರಿನ ತೊಟ್ಟಿ ಎರಡೂ ದೂರ. ನಮ್ಮವರು ಅಂಗೈಯಲ್ಲಿ ಮೆಲ್ಲಗೆ ಬೆನ್ನು ಒತ್ತುತ್ತಿದ್ದರು. ಒತ್ತುವಷ್ಟು ಹೊತ್ತು ಸ್ವರ್ಗ, ಬೆಳಗ್ಗೆ ಎದ್ದರೆ ಮೊದಲಿನಂತೆಯೇ. ಆದರೂ ಬೇಡ ಅನ್ನಲಿಲ್ಲ. ಸೊಂಟಕ್ಕೆ ಆಸರೆ ಕೊಡುವ ಬೆಲ್ಟನ್ನು ಅಡುಗೆ ಮಾಡುವ ಎರಡು ತಾಸು ಮಾತ್ರ ಕಟ್ಟಿಕೊಂಡೆ. ಕೆಲವರಿಗೆ ಇದರಿಂದ ತುಂಬ ಆರಾಮ, ನನಗೆ ಅಷ್ಟಕ್ಕಷ್ಟೆ.

ಬೇರು, ಸೊಪ್ಪಿನ ಕಷಾಯ ಕುಡಿ ಅಂತ ಪ್ರೀತಿಯಿಂದ ತಂದುಕೊಟ್ಟವರಿದ್ದರು. ಕುಡಿಯಲಿಲ್ಲ. ಗಿಡದಿಂದ ಬಂದದ್ದೆಲ್ಲ ಮಗುವಿಗೆ ಒಗ್ಗುತ್ತದೆ ಅಂತ ಹೇಗೆ ನಂಬುವುದು? ಮನೆಯಲ್ಲಿದ್ದ ನೋವಿನ ಜೆಲ್‌ನಲ್ಲಿ ಡೈಕ್ಲೊಫೆನಾಕ್ ಇತ್ತು, ಅದನ್ನೂ ಎತ್ತಿಟ್ಟೆ. ಆ ಗುಂಪಿನ ಔಷಧಗಳಿಂದ 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಆಗಬಹುದು.

33ನೇ ವಾರದ ಒಂದು ರಾತ್ರಿ ನೋವು ಬೇರೆ ಥರ ಬಂತು. ಬರುವುದು, ಹೋಗುವುದು, ಮತ್ತೆ ಅಷ್ಟೇ ಹೊತ್ತಿಗೆ ಬರುವುದು. ಹೊರಳಿದರೂ ಕೂತರೂ ವ್ಯತ್ಯಾಸವಿಲ್ಲ. ಬಿಸಿನೀರಿನ ಚೀಲ ತೆಗೆದುಕೊಳ್ಳದೆ ನೇರ ಆಸ್ಪತ್ರೆಗೆ ಹೋದೆವು, ಯಾಕಂದರೆ 37 ವಾರಕ್ಕೆ ಮುಂಚೆ ಹೀಗೆ ಲಯವಾಗಿ ಬರುವ ನೋವು ಹೆರಿಗೆ ನೋವೇ ಆಗಿರಬಹುದು. ನನ್ನದು ಅದಾಗಿರಲಿಲ್ಲ, ಬೆಳಗ್ಗೆ ಮನೆಗೆ ಕಳಿಸಿದರು. ರಕ್ತ ಕಂಡರೆ, ಗರ್ಭದ ನೀರು ಹೋದರೆ, ಜ್ವರ ಅಥವಾ ಉರಿಮೂತ್ರ ಬಂದರೆ, ಕಾಲಿನ ಶಕ್ತಿ ಹೋದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಕೂಡ ಮನೆಮದ್ದು ಮಾಡುತ್ತಾ ಕೂರಬಾರದು ಅಂತ ಅಲ್ಲೇ ಮತ್ತೊಮ್ಮೆ ಹೇಳಿ ಕಳಿಸಿದರು.

ನೋವು ಪೂರ್ತಿ ಹೋಯಿತಾ ಅಂತ ಕೇಳಿದರೆ, ಇಲ್ಲ. ಹತ್ತಕ್ಕೆ ಎಂಟು ಇದ್ದದ್ದು ಮೂರಕ್ಕೆ ಇಳಿದು ಹೆರಿಗೆಯ ತನಕ ಅಲ್ಲೇ ನಿಂತಿತು. ಮೂರರ ನೋವಿನಲ್ಲಿ ನಿದ್ದೆ ಬರುತ್ತದೆ. ಹೆರಿಗೆಯಾದ ಕೆಲವು ವಾರಕ್ಕೆ ಅದೂ ಹೋಯಿತು. ಆದರೆ ಪ್ಯಾಂಟ್ ಮಾತ್ರ ಈಗಲೂ ಕೂತೇ ಹಾಕಿಕೊಳ್ಳುತ್ತೇನೆ.