ದೊಡ್ಡ ಟೈರು, ಎತ್ತರಿಸಿದ ಗಾಡಿ: ಹೈವೇಯಲ್ಲಿ ನೆಮ್ಮದಿಯಾಗಿ ಓಡಿಸಲು ಏನೇನು ಸರಿಪಡಿಸಬೇಕು

ಥಾರ್‌ಗೋ ಜಿಮ್ನಿಗೋ ದೊಡ್ಡ ಟೈರು ಹಾಕಿಸಿ ಎರಡಿಂಚು ಎತ್ತರಿಸಿದರೆ ಕಲ್ಲುದಾರಿಯಲ್ಲಿ ಗಾಡಿ ಸಲೀಸಾಗಿ ಹೋಗುತ್ತದೆ. ಅದೇ ಗಾಡಿ ನೆಲಮಂಗಲ ದಾಟಿ ಹಾಸನದ ರಸ್ತೆಗೆ ಬಿದ್ದ ಕೂಡಲೇ ಸ್ಟೇರಿಂಗ್ ನಡುಗುತ್ತದೆ, ಟೈರು ಗುಂಯ್‌ಗುಡುತ್ತದೆ, ಲೇನಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಆಗ ಹೆಚ್ಚಿನವರು ಮೊದಲು ದುಬಾರಿ ಶಾಕ್ ಅಬ್ಸಾರ್ಬರ್ ಕೊಳ್ಳಲು ಹೋಗುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಗಾಳಿ, ಆಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಬುಷ್‌ಗಳು (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳು). ಇಷ್ಟಾದ ಮೇಲೂ ತೊಂದರೆ ಉಳಿದರೆ ಸ್ಪ್ರಿಂಗ್ ಮತ್ತು ಶಾಕ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಅದೇ ರಸ್ತೆಯಲ್ಲಿ, ಅಷ್ಟೇ ಭಾರ ಹೊತ್ತು ಓಡಿಸಿ ನೋಡಿ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇದಕ್ಕೆ ಒಳ್ಳೆಯ ಜಾಗ. ಅಲ್ಲಿನ ಜಾಯಿಂಟ್‌ಗಳು ಒಂದಾದ ಮೇಲೊಂದು ಬರುವುದರಿಂದ ಸಸ್ಪೆನ್ಷನ್ನಿನ ಗುಣ ಬೇಗ ಗೊತ್ತಾಗುತ್ತದೆ.

ಗಾಳಿ

ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ನೀವು ತುಂಬಿಸಬೇಕಾದ ಒತ್ತಡವಲ್ಲ. ಚಾಲಕನ ಬಾಗಿಲಿನ ಬಳಿಯ ಸ್ಟಿಕ್ಕರಿನ ಅಂಕಿಯಿಂದ ಶುರುಮಾಡಿ. ಎಲ್‌ಟಿ (ಲೈಟ್ ಟ್ರಕ್) ಗುರುತಿನ ಟೈರಾದರೆ ಅಷ್ಟೇ ಭಾರ ಹೊರಲು ಅದಕ್ಕೆ ಹೆಚ್ಚು ಗಾಳಿ ಬೇಕು, ಎಷ್ಟೆಂದು ಟೈರು ಕಂಪನಿಯವರನ್ನು ಕೇಳಿ ಸ್ಟಿಕ್ಕರಿಗಿಂತ ಮೇಲಿಡಿ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿದ್ದಾಗ ಸ್ವಂತ ಗೇಜಿನಲ್ಲಿ ಅಳೆದು ಬರೆದುಕೊಳ್ಳಿ. ಪೆಟ್ರೋಲ್ ಬಂಕಿನ ಗೇಜುಗಳೆಲ್ಲ ಒಂದೇ ಅಂಕಿ ತೋರಿಸುವುದಿಲ್ಲ.

ಆಮೇಲೆ ನೆಲಮಂಗಲದಿಂದ ಕುಣಿಗಲ್‌ವರೆಗೆ, ಸುಮಾರು 40 ಕಿ.ಮೀ., ಒಂದೇ ವೇಗದಲ್ಲಿ ಓಡಿಸಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಕ್ಷಣ ಮತ್ತೆ ಅಳೆಯಿರಿ. ಒತ್ತಡ ಸುಮಾರು 4 ಪಿಎಸ್‌ಐ ಏರಿದ್ದರೆ ಸರಿಯಾಗಿದೆ. 6–7 ಏರಿದ್ದರೆ ಗಾಳಿ ಕಡಿಮೆಯಿತ್ತು, ಟೈರಿನ ಗೋಡೆ ಮಡಚಿ ಮಡಚಿ ಬಿಸಿಯಾಗಿದೆ ಎಂದರ್ಥ. ಮರುದಿನ ತಣ್ಣಗಿರುವಾಗ 2 ಪಿಎಸ್‌ಐ ಹೆಚ್ಚಿಸಿ. ಎರಡೇ ಏರಿದ್ದರೆ ಗಾಳಿ ಜಾಸ್ತಿಯಾಗಿದೆ, ಪ್ರತಿ ಗುಂಡಿಯೂ ಸೊಂಟಕ್ಕೇ ಬಡಿಯುತ್ತದೆ. ಹಾಗಿದ್ದಾಗ 2 ಇಳಿಸಿ, ಆದರೆ ಸ್ಟಿಕ್ಕರಿನ ಅಂಕಿಗಿಂತ ಕೆಳಗೆ ಬೇಡ. ಬಿಸಿ ಟೈರಿನಿಂದ ಗಾಳಿ ಬಿಡಲೇಬಾರದು.

ಕೆಸರಿಗಾಗಿ 18 ಪಿಎಸ್‌ಐಗೆ ಇಳಿಸಿದ ಗಾಡಿಯನ್ನು ಹಾಗೆಯೇ ಡಾಂಬರು ರಸ್ತೆಗೆ ತರುವುದು ಅಪಾಯ. 12 ವೋಲ್ಟಿನ ಕಂಪ್ರೆಸರ್ ಜೊತೆಗಿರಲಿ, ಎಂಜಿನ್ ಓಡುತ್ತಿರುವಾಗಲೇ ಬಳಸಿ.

ನಡುಕ

ಬ್ಯಾಲೆನ್ಸಿಂಗಿಗೆ ಹೋಗುವ ಮೊದಲು ರಿಮ್ಮಿನ ಒಳಭಾಗ ನೋಡಿ. ಕೆಂಪು ಮಣ್ಣು ಅಲ್ಲಿ ಒಂದೇ ಕಡೆ ಅಂಟಿ ಒಣಗಿದರೆ 80ರ ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ. ಜೋರು ನೀರು ಹೊಡೆದು ತೊಳೆದರೆ ಎಷ್ಟೋ ಗಾಡಿಗಳ ರೋಗ ಅಲ್ಲಿಗೇ ವಾಸಿ.

ತೊಳೆದ ಮೇಲೂ 70–100ರ ನಡುವೆ ನಡುಕ ಬಂದರೆ, ಸ್ಟೇರಿಂಗ್ ನಡುಗಿದಾಗ ಮುಂದಿನ ಚಕ್ರಗಳನ್ನೂ ಸೀಟು ನಡುಗಿದಾಗ ಹಿಂದಿನವನ್ನೂ ಮೊದಲು ಪರೀಕ್ಷಿಸಿ. ಮೆಷಿನ್ ಒಂದು ಪಕ್ಕಕ್ಕೆ 100 ಗ್ರಾಂಗಿಂತ ಹೆಚ್ಚು ತೂಕ ಕೇಳಿದರೆ ಒಪ್ಪಬೇಡಿ. ಗಾಳಿ ತೆಗೆಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಲು ಹೇಳಿ. ಟೈರಿನ ಭಾರದ ಕಡೆಯೂ ರಿಮ್ಮಿನ ಭಾರದ ಕಡೆಯೂ ಒಂದೇ ಜಾಗದಲ್ಲಿ ಕೂತಿದ್ದರೆ ಹೀಗೆ ಮಾಡಿದಾಗ ಬೇಕಾಗುವ ತೂಕ ಇಳಿಯುತ್ತದೆ. ಚಕ್ರ ತಿರುಗುವಾಗ ಕಣ್ಣಳತೆಗೇ ಮೇಲೆ ಕೆಳಗೆ ಕುಣಿದರೆ ಅದು ತೂಕದ ಸಮಸ್ಯೆಯಲ್ಲ. ಟೈರು ದುಂಡಗಿಲ್ಲ, ಇಲ್ಲವೇ ರಿಮ್ ಬಾಗಿದೆ.

ಹೊರಗಿನ ಅಲಾಯ್ ಹಾಕಿಸಿದ್ದರೆ ಅದರ ನಡುರಂಧ್ರ ಹಬ್ಬಿಗೆ ಬಿಗಿಯಾಗಿ ಕೂರುತ್ತಿದೆಯೇ ನೋಡಿ. ಸಡಿಲವಿದ್ದರೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕಿಸಿ. ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ, ಗಾಡಿಯ ಕೈಪಿಡಿಯಲ್ಲಿರುವ ಅಂಕಿಗೆ ಬಿಗಿಸಬೇಕು. 100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ನೇರ ಹೋಗದಿದ್ದರೆ

ಜಿಮ್ನಿಗೆ ಮುಂದೆಯೂ ಹಿಂದೆಯೂ ರಿಜಿಡ್ ಆಕ್ಸಲ್, ಅಂದರೆ ಎಡಬಲದ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ. ಗಾಡಿ ಎತ್ತರಿಸಿದಾಗ ಆಕ್ಸಲ್ ಹಿಡಿದಿರುವ ತೋಳುಗಳು ಕೆಳಮುಖವಾಗಿ ಬಾಗುತ್ತವೆ, ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ (ಚಕ್ರ ಎಡಬಲ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕಿನ ಓರೆ ಅದು ನೇರ ಹೋಗಲು ನೆರವಾಗುತ್ತದೆ, ಇಲ್ಲಿಯೂ ಅದೇ ಲೆಕ್ಕ. ಕ್ಯಾಸ್ಟರ್ ಕಳೆದರೆ ಸ್ಟೇರಿಂಗ್ ಹಗುರವಾಗುತ್ತದೆ, ತಿರುವಿನಿಂದ ತಾನಾಗಿ ಮರಳುವುದಿಲ್ಲ, ಲಾರಿ ಪಕ್ಕದಲ್ಲಿ ಹೋದಾಗ ಗಾಡಿ ಅಲೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯವರು ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ ಸರಿಮಾಡಿ ಕಳಿಸಿದರೆ ಇದು ಹೋಗದು. ಮುಂಚಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ, ಕ್ಯಾಸ್ಟರ್ ಸಾಲನ್ನು ನೀವೇ ಓದಿ. ಕಡಿಮೆಯಿದ್ದರೆ ಕ್ಯಾಸ್ಟರ್ ಸರಿಪಡಿಸುವ ಆಫ್‌ಸೆಟ್ ಬುಷ್ ಹಾಕಿಸಬೇಕು. ಎತ್ತರಿಸಿದಾಗ ಆಕ್ಸಲ್ ಒಂದು ಪಕ್ಕಕ್ಕೂ ಸರಿಯುತ್ತದೆ, ಅದನ್ನು ನಡುವಿಗೆ ತರಲು ಉದ್ದ ಬದಲಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ದಂಡ) ಬೇಕು.

2020ರ ನಂತರದ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನೂ ಎರಡು ತೋಳುಗಳು ಬೇರೆಯಾಗಿ ಹಿಡಿಯುವ ಜೋಡಣೆ) ಇರುವುದರಿಂದ ಸಮಸ್ಯೆ ಬೇರೆ. ಸ್ಪೇಸರ್ (ಸ್ಪ್ರಿಂಗಿನ ಮೇಲೆ ಇಡುವ ದಪ್ಪ ಬಿಲ್ಲೆ) ಇಟ್ಟು ಎತ್ತರಿಸಿದರೆ ಚಕ್ರ ಕೆಳಗಿಳಿಯಲು ಉಳಿಯುವ ಜಾಗ ಕಡಿಮೆ. ಹಂಪ್ ಇಳಿಯುವಾಗ ಮುಂದೆ ಠಣ್ ಎಂದು ಸದ್ದು ಬಂದರೆ ಶಾಕ್ ಪೂರ್ತಿ ಚಾಚಿ ನಿಂತಿತು ಎಂದರ್ಥ. ಬಾಲ್ ಜಾಯಿಂಟ್‌ಗಳೂ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್‌ಗಳೂ ಓರೆಯಲ್ಲೇ ತಿರುಗಿ ಬೇಗ ಸವೆಯುತ್ತವೆ. ಹೈವೇಯೇ ಹೆಚ್ಚು ಓಡಾಡುವವರು ದೊಡ್ಡ ಸ್ಪೇಸರಿನ ಆಸೆ ಬಿಡುವುದು ಒಳ್ಳೆಯದು.

ರಿಜಿಡ್ ಆಕ್ಸಲ್ ಗಾಡಿ ಮೇಲ್ಸೇತುವೆಯ ಜಾಯಿಂಟ್ ದಾಟಿದ ಕೂಡಲೇ ಸ್ಟೇರಿಂಗ್ ಕೈಯಲ್ಲಿ ನಿಲ್ಲದಷ್ಟು ಜೋರಾಗಿ ಎಡಬಲ ಹೊಡೆದುಕೊಂಡರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ವೇಗ ಇಳಿಸಿ. ಸವೆದ ಪ್ಯಾನ್‌ಹಾರ್ಡ್ ಬುಷ್, ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್ (ಸ್ಟೇರಿಂಗ್ ದಂಡದ ತುದಿಯ ಕೀಲು) ಅಥವಾ ಬ್ಯಾಲೆನ್ಸ್ ಇಲ್ಲದ ಟೈರು ಇದಕ್ಕೆ ಕಾರಣ. ಸ್ಟೇರಿಂಗಿನ ಹೊಡೆತ ತಗ್ಗಿಸುವ ಹೊಸ ಡ್ಯಾಂಪರ್ ಹಾಕಿದರೆ ಕೆಲವು ದಿನ ಮರೆಯಾಗುತ್ತದೆ, ಮೂಲದ ಸವೆತ ಹಾಗೆಯೇ ಬೆಳೆಯುತ್ತದೆ. ಗಾಡಿ ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಬೇಗ ಬೇಗ ಎಡಬಲ ಆಡಿಸಲಿ, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ಮುಟ್ಟಿ ನೋಡಲಿ. ಸಡಿಲವಾದದ್ದು ಬೆರಳಿಗೆ ತಿಳಿಯುತ್ತದೆ.

ಸ್ಪ್ರಿಂಗ್ ಮತ್ತು ಶಾಕ್

ಇಷ್ಟು ಮುಗಿದ ಮೇಲೆ ಮೇಲ್ಸೇತುವೆಯಲ್ಲಿ 70ರಲ್ಲಿ ಹೋಗಿ. ಜಾಯಿಂಟ್ ದಾಟಿದ ಮೇಲೆ ಗಾಡಿ ಒಂದು ಸಲ ಏರಿಳಿದು ನಿಂತರೆ ಶಾಕ್ ಚೆನ್ನಾಗಿದೆ. ಎರಡು ಮೂರು ಸಲ ತೂಗಿದರೆ ಶಾಕ್ ಸೋತಿದೆ. ತೂಗದೆ ಬರೀ ಕುಟ್ಟಿದರೆ ಸ್ಪ್ರಿಂಗ್ ಅಗತ್ಯಕ್ಕಿಂತ ಗಟ್ಟಿ. ಈ ಕೊನೆಯದೇ ಬೆಂಗಳೂರಿನ ಗಾಡಿಗಳಲ್ಲಿ ಹೆಚ್ಚು. ಕಬ್ಬಿಣದ ಬಂಪರ್, ವಿಂಚ್, ಹಿಂದೆ ಡಬ್ಬಿಗಳ ಭಾರಕ್ಕೆಂದು ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿಸಿ ಕೂತವರನ್ನು ಕುಲುಕಿಸುತ್ತಾರೆ. ಕಿಟ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಎಷ್ಟು ಕಿಲೋ ನಿತ್ಯಭಾರಕ್ಕೆ ಈ ಸ್ಪ್ರಿಂಗ್ ಎಂದು. ಎಷ್ಟು ಇಂಚು ಎಂಬುದು ಆಮೇಲಿನ ಪ್ರಶ್ನೆ.

ಫಿಟ್ಟಿಂಗಿನಲ್ಲಿ ತಪ್ಪುವುದು ಒಂದೇ ಜಾಗದಲ್ಲಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿಸಿಬಿಡುತ್ತಾರೆ. ಗಾಡಿ ಇಳಿಸಿದಾಗ ರಬ್ಬರು ತಿರುಚಿಕೊಂಡೇ ಉಳಿದು ಸವಾರಿ ಬಿರುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಗಾಡಿ ತನ್ನ ಭಾರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿತ ಕೊಡಿಸಿ. ಬ್ರೇಕ್ ಪೈಪು ಮತ್ತು ಎಬಿಎಸ್ ವೈರು ಚಕ್ರ ಪೂರ್ತಿ ಇಳಿದಾಗ ಎಳೆದುಕೊಳ್ಳುತ್ತಿಲ್ಲವೆಂದು ಅಲ್ಲೇ ನೋಡಿಕೊಳ್ಳಿ.

ಸದ್ದು

ತಿಂಗಳಿಗೊಮ್ಮೆ ಮಾತ್ರ ಕಾಡುದಾರಿ ಹಿಡಿಯುವವರಿಗೆ ಆಲ್ ಟೆರೇನ್ ಟೈರೇ ಸಾಕು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರಿನ ಸದ್ದನ್ನು ಗಾಡಿಯೊಳಗೆ ಅಂಟಿಸುವ ಯಾವ ಸದ್ದುತಡೆ ಹಾಳೆಯೂ ಪೂರ್ತಿ ತಡೆಯುವುದಿಲ್ಲ. ಸದ್ದು ಟೈರಿನದೋ ಬೇರಿಂಗಿನದೋ ತಿಳಿಯಲು ಹೀಗೆ ಮಾಡಿ: ವೈಟ್‌ಟಾಪಿಂಗ್ ಕಾಂಕ್ರೀಟಿನಿಂದ ನುಣುಪು ಡಾಂಬರಿಗೆ ಬಂದಾಗ ಸದ್ದು ಬದಲಾದರೆ ಟೈರು, ರಸ್ತೆ ಬದಲಾದರೂ ಹಾಗೆಯೇ ಇದ್ದು ಸ್ಟೇರಿಂಗ್ ತುಸು ಎಡಬಲ ವಾಲಿಸಿದಾಗ ಏರಿಳಿದರೆ ಬೇರಿಂಗ್. ಪ್ರತಿ 5,000 ಕಿ.ಮೀ.ಗೆ ಟೈರುಗಳ ಜಾಗ ಬದಲಿಸಿ. ತಡಮಾಡಿದರೆ ಟೈರಿನ ಮೇಲಿನ ರಬ್ಬರ್ ಉಬ್ಬುಗಳ ಒಂದು ಅಂಚು ಮಾತ್ರ ಸವೆದು ಸದ್ದು ಶಾಶ್ವತವಾಗುತ್ತದೆ. ಬಳಸದಿದ್ದಾಗ ಮೇಲಿನ ರೂಫ್ ರ‍್ಯಾಕ್ ಬಿಚ್ಚಿಡಿ, ಗಾಳಿಯ ಸಿಳ್ಳೆ ಅರ್ಧ ಅಲ್ಲಿಂದಲೇ ಬರುತ್ತದೆ.

ಮೀಟರು, ದೀಪ, ಕಾಗದ

255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ., 285/65 ಆರ್18ದು 828. ವ್ಯತ್ಯಾಸ ಶೇ. 5ರ ಹತ್ತಿರ. ಜಿಮ್ನಿಯ 195/80 ಆರ್15 ತೆಗೆದು 235/75 ಆರ್15 ಹಾಕಿದರೆ ಶೇ. 6ರ ಹತ್ತಿರ. ಮೊದಲಿಗಿಂತ ಅಷ್ಟು ಹೆಚ್ಚು ವೇಗದಲ್ಲಿ ಹೋಗುತ್ತಿದ್ದರೂ ಮೀಟರು ಅದೇ ಅಂಕಿ ತೋರಿಸುತ್ತದೆ. 100ರ ಮಿತಿಯಿರುವ ಮೈಸೂರು ಹೆದ್ದಾರಿಗೆ ಹೋಗುವ ಮೊದಲು ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ. ಮೈಲೇಜ್ ಲೆಕ್ಕ ಹಾಕುವಾಗಲೂ ಓಡಿದ ಕಿಲೋಮೀಟರಿಗೆ ಆ ಪಾಲು ಸೇರಿಸಿ. ಭಾರದ ಚಕ್ರ ನಿಲ್ಲಲು ಹೆಚ್ಚು ದೂರ ಬೇಕು, ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿ. ಗಾಡಿ ಎತ್ತರಿಸಿದರೆ ಹೆಡ್‌ಲೈಟೂ ಎದುರಿನವರ ಕಣ್ಣಿಗೆ ಏರುತ್ತದೆ, ಅದನ್ನು ಇಳಿಸಿ ಹೊಂದಿಸಲೇಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. ಆದ್ದರಿಂದ ಕಂಪನಿಯೇ ನಿಮ್ಮ ಮಾಡೆಲ್ಲಿಗೆ ಕೊಟ್ಟಿರುವ ಅಳತೆಗಳಲ್ಲಿ ದೊಡ್ಡದನ್ನು ಆರಿಸುವುದು ಕ್ಷೇಮ. ಬದಲಾವಣೆ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ.

ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗುವವರು ಒಂದು ಗಮನಿಸಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಡಲ ಮಟ್ಟಕ್ಕೆ ಇಳಿದಾಗ ಗೇಜು ಸುಮಾರು 1.5 ಪಿಎಸ್‌ಐ ಕಡಿಮೆ ತೋರಿಸುತ್ತದೆ, ಅಲ್ಲಿನ ಸೆಕೆ ಅದನ್ನು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಇಳಿದ ದಿನ ಏನೂ ಮಾಡಬೇಡಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಅಳೆದು ಹೊಂದಿಸಿಕೊಳ್ಳಿ.